ಹಿಮದ ಹಾದಿಗೆ ತೋಳಿಲ್ಲದಂಗಿ

ಪ್ರತಿವರ್ಷವೂ ಚಳಿಗಾಲ ಮೊದಲಾಗುವ ವೇಳೆಗೆ ಗದಗ ಜಿಲ್ಲೆಯ ಮಾಗಡಿಯ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಹೋಗುವವರು, ಅವುಗಳ ಬಿಳಿಯ ತಲೆಯ ಹಿಂಬದಿಯಲ್ಲಿ ಅಡ್ಡಲಾಗಿ ಬಿದ್ದಿರುವ ಎರಡು ಕರಿಯ ಪಟ್ಟೆಗಳನ್ನೂ, ನೀರಿನ ಮೇಲೆ ನಿಶ್ಚಿಂತೆಯಿಂದ ತೇಲುವ ಅವುಗಳ ಗಾಂಭೀರ್ಯವನ್ನೂ ಕಂಡು ಸಂತೋಷಪಟ್ಟು ಹಿಂದಿರುಗುತ್ತಾರೆಯೇ ಹೊರತು, ಮಂಗೋಲಿಯದ ಬಯಲುಗಳಿಂದಲೂ ಟಿಬೆಟ್ಟಿನ ಸರೋವರಗಳಿಂದಲೂ ಹೊರಟು ಹಿಮಾಲಯದ ಶ್ರೇಣಿಯನ್ನೇ ದಾಟಿ ಬಂದ ಈ ಪಕ್ಷಿಗಳು ಆ ಎತ್ತರದ ಶೈತ್ಯವನ್ನು ಯಾವ ಉಡುಪಿನ ಬಲದಿಂದ ಸಹಿಸಿದವೆಂದು ವಿಚಾರಿಸುವವರು ವಿರಳ. ಇವುಗಳ ಮೈಗೆ ಉಪಕರಣ ಕಟ್ಟಿ ಹಾದಿಯನ್ನು ಅನುಸರಿಸಿದ ವಿಜ್ಞಾನಿಗಳು 7,290 ಮೀಟರ್ ಎತ್ತರದಲ್ಲಿ ಹಾರಿದ ಹೆಬ್ಬಾತನ್ನು ದಾಖಲಿಸಿದ್ದಾರೆ. ನಮ್ಮ ಕಣ್ಣಿಗೆ ಕಾಣುವ ಗರಿಗಳು ಗಾಳಿಯನ್ನೂ ನೀರನ್ನೂ ತಡೆಯುವ ಹೊರಹೊದಿಕೆ. ದೇಹದ ಶಾಖವನ್ನು ಹಿಡಿದಿಡುವ ಮುಖ್ಯ ಹೊಣೆ ಆ ಗರಿಗಳ ಕೆಳಗೆ, ಚರ್ಮಕ್ಕೆ ಒತ್ತಿಕೊಂಡು ಬೆಳೆದಿರುವ ಮೆತ್ತನೆಯ ತುಪ್ಪುಳದ್ದು.

ಸಾಕಿದ ಬಾತು ಹೆಬ್ಬಾತುಗಳಿಂದ ದೊರೆತ ಇಂಥ ತುಪ್ಪುಳವನ್ನೇ ತೆಳ್ಳನೆಯ ನೈಲಾನ್ ಬಟ್ಟೆಯ ಎರಡು ಪದರಗಳ ನಡುವೆ ತುಂಬಿ, ತೋಳುಗಳನ್ನು ಬಿಟ್ಟು ಎದೆ, ಬೆನ್ನು, ಹೊಟ್ಟೆಗಳನ್ನಷ್ಟೇ ಮುಚ್ಚುವಂತೆ ಹೊಲಿದ ಅಂಗಿಯನ್ನು ಅಂಗಡಿಗಳಲ್ಲಿ ಡೌನ್ ವೆಸ್ಟ್ ಎನ್ನುತ್ತಾರೆ. ಒಂದು ತಲೆಮಾರಿನ ಹಿಂದೆ ಕನ್ನಡ ನಾಡಿನಲ್ಲಿ ಇದನ್ನು ಕೇಳಿ ಕೊಳ್ಳುವವರು ಇರಲಿಲ್ಲವೆಂದೇ ಹೇಳಬಹುದು. ಈಗಲಾದರೋ ಡಿಸೆಂಬರ್ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಹೊರಟ ತರುಣ ತರುಣಿಯರೂ, ಅವರ ಜತೆಯಲ್ಲಿ ನಿವೃತ್ತಿಯ ಅಂಚಿಗೆ ಬಂದ ಹಿರಿಯರೂ ಡೆಹರಾಡೂನಿನಲ್ಲಿ ಇಳಿದು, ಉತ್ತರಕಾಶಿ ಜಿಲ್ಲೆಯ ಸಾಂಕ್ರಿ ಎಂಬ ಹಳ್ಳಿಯನ್ನು ಸೇರಿ, ಅಲ್ಲಿಂದ ಕೇದಾರಕಂಠದ ಶಿಖರವನ್ನು ಹಿಮದಲ್ಲಿ ನಡೆದು ಏರುವುದು ಒಂದು ವಾಡಿಕೆಯೇ ಆಗಿಬಿಟ್ಟಿದೆ. ಆ ಹಳ್ಳಿ ಇರುವುದು ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯಷ್ಟು ಎತ್ತರದಲ್ಲಿ; ಕರ್ನಾಟಕದ ನೆಲ ಎಲ್ಲಿ ಮುಗಿಲಿಗೆ ಸೋತು ನಿಲ್ಲುತ್ತದೆಯೋ ಅಲ್ಲಿಂದ ಆ ನಡಿಗೆ ಮೊದಲಾಗಿ, ಇನ್ನೂ ಸುಮಾರು 1,850 ಮೀಟರ್ ಮೇಲಕ್ಕೆ ಹೋಗುತ್ತದೆ. ಸಾವಿರ ಮೀಟರ್ ಏರಿದಂತೆಲ್ಲ ಉಷ್ಣಮಾನ ಸುಮಾರು 6.5 ಡಿಗ್ರಿ ಇಳಿಯುವುದು ವಾತಾವರಣದ ಸಾಮಾನ್ಯ ನಿಯಮ. ಶಿಖರದಲ್ಲಿ ಸೂರ್ಯೋದಯ ಕಾಣಬೇಕೆಂದು ಇರುಳಿನಲ್ಲೇ ಶಿಬಿರ ಬಿಟ್ಟು ಹೊರಡುವವರಿಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿ ಎದುರಾಗುವುದು ಅಪರೂಪವಲ್ಲ. ಅದರೊಡನೆ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿಯೂ ಸೇರಿತೆಂದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದಂತೆ ನಾಟುತ್ತದೆ.

ಇಂಥ ಹಾದಿಗೆ ಯಾವ ಅಂಗಿ ತಕ್ಕುದೆಂದು ಕೇಳುವವರಿಗೆ ಅಂಗಡಿಯವನು ಕಂಪನಿಯ ಹೆಸರನ್ನೂ, ಬಣ್ಣವನ್ನೂ, ಚೀಟಿಯ ಮೇಲೆ ಅಚ್ಚಾಗಿರುವ ಒಂದು ಸಂಖ್ಯೆಯನ್ನೂ ತೋರಿಸುತ್ತಾನೆ. ನನ್ನ ಅಭಿಪ್ರಾಯದಲ್ಲಿ ವಿಚಾರವನ್ನು ಹಕ್ಕಿಯಿಂದಲೇ ಪ್ರಾರಂಭಿಸುವುದು ಲೇಸು. ಹೆಬ್ಬಾತಿನ ತುಪ್ಪುಳಕ್ಕೆ ಹೊರಗಿನ ನೀರು ತಾಕುವುದಿಲ್ಲ, ಏಕೆಂದರೆ ಅದರ ಮೇಲೆ ಒಂದರೊಳಗೊಂದು ಹೆಣೆದುಕೊಂಡ ಗರಿಗಳ ಕವಚವಿದೆ. ಒಳಗಿನ ನೀರೂ ತಾಕುವುದಿಲ್ಲ, ಏಕೆಂದರೆ ಹಕ್ಕಿಗಳ ಚರ್ಮದಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ. ಮನುಷ್ಯನಾದರೋ ಹಕ್ಕಿಯಿಂದ ಒಳಂಗಿಯನ್ನು ಮಾತ್ರ ಪಡೆದುಕೊಂಡು, ಹೊರಗಿನ ಕವಚವನ್ನು ತಾನೇ ಬೇರೆಯಾಗಿ ಒದಗಿಸಿಕೊಳ್ಳಬೇಕಾದವನು. ಸಾಲದುದಕ್ಕೆ ಏರುದಾರಿಯಲ್ಲಿ ಧಾರಾಳವಾಗಿ ಬೆವರುವ ಪ್ರಾಣಿ. ತುಪ್ಪುಳದ ಅಂಗಿಯನ್ನು ಆರಿಸುವಲ್ಲಿ ಎದುರಾಗುವ ತೊಡಕುಗಳೆಲ್ಲವೂ, ಅದಕ್ಕೆ ತೋಳಿಲ್ಲದಿರುವುದರ ಔಚಿತ್ಯವೂ, ಈ ಎರಡು ವ್ಯತ್ಯಾಸಗಳಿಂದಲೇ ಹುಟ್ಟತಕ್ಕವು.

ತುಪ್ಪುಳವು ತನ್ನಷ್ಟಕ್ಕೆ ತಾನು ಶಾಖವನ್ನು ಉತ್ಪಾದಿಸುವ ದ್ರವ್ಯವಲ್ಲವೆಂಬುದನ್ನು ಮೊದಲು ಮನಗಾಣಬೇಕು. ರೆಕ್ಕೆಯ ಗರಿಗೆ ನಡುವೆ ದಂಡವೂ, ಇಕ್ಕೆಲದ ಎಳೆಗಳನ್ನು ಪರಸ್ಪರ ಕೊಂಡಿ ಹಾಕಿ ಹಿಡಿಯುವ ಸೂಕ್ಷ್ಮವಾದ ಕೊಕ್ಕೆಗಳೂ ಇರುತ್ತವೆ. ತುಪ್ಪುಳಕ್ಕೆ ಹೇಳಿಕೊಳ್ಳುವಂಥ ದಂಡವಿಲ್ಲ, ಕೊಕ್ಕೆಗಳೂ ಇಲ್ಲ. ಒಂದು ಬಿಂದುವಿನಿಂದ ಎಲ್ಲ ದಿಕ್ಕುಗಳಿಗೂ ಚಿಮ್ಮಿದ ನವಿರಾದ ಎಳೆಗಳು, ಆ ಎಳೆಗಳಿಂದ ಕವಲೊಡೆದ ಇನ್ನೂ ನವಿರಾದ ಎಳೆಗಳು, ಹೀಗೆ ಒಂದನ್ನೊಂದು ದೂರ ತಳ್ಳುತ್ತ ನಿಂತಾಗ ಅವುಗಳ ನಡುವೆ ಸಿಕ್ಕಿಬಿದ್ದ ಗಾಳಿ ಅಲುಗಾಡಲಾರದೆ ಉಳಿಯುತ್ತದೆ. ನಿಶ್ಚಲವಾದ ವಾಯು ಶಾಖವನ್ನು ಬಹು ನಿಧಾನವಾಗಿ ಸಾಗಿಸುವ ವಸ್ತು. ನೀರು ಅದಕ್ಕಿಂತ ಇಪ್ಪತ್ತು ಪಾಲಿಗೂ ಮಿಗಿಲಾದ ವೇಗದಿಂದ ಶಾಖವನ್ನು ಕದ್ದೊಯ್ಯುತ್ತದೆ. ಆದುದರಿಂದ ಈ ಅಂಗಿಗೆ ಹಣ ತೆರುವವನು ಕೊಳ್ಳುವುದು ವಸ್ತುತಃ ಒಂದಿಷ್ಟು ಅಲುಗಾಡದ ಗಾಳಿಯನ್ನು. ತುಪ್ಪುಳವು ಆ ಗಾಳಿಯನ್ನು ಅತ್ಯಂತ ಕಡಿಮೆ ಭಾರದಲ್ಲಿ ಹಿಡಿದು ನಿಲ್ಲಿಸುವ ಸಾಧನ. ಮನುಷ್ಯನು ನಾನಾ ಬಗೆಯ ಕೃತಕ ತಂತುಗಳನ್ನು ಸೃಷ್ಟಿಸಿದ್ದರೂ, ತೂಕಕ್ಕೆ ತೂಕ ಇಟ್ಟು ನೋಡಿದರೆ ಒಳ್ಳೆಯ ಹೆಬ್ಬಾತಿನ ತುಪ್ಪುಳವನ್ನು ಮೀರಿಸುವುದು ಇಂದಿಗೂ ಸುಲಭವಾಗಿಲ್ಲ.

ಪರ್ವತಾರೋಹಣಕ್ಕೆ ಇದನ್ನು ತಂದವರ ಕಥೆ ಸ್ವಾರಸ್ಯವಾದುದು. 1922ರಲ್ಲಿ ಎವರೆಸ್ಟ್ ಏರಲು ಹೊರಟ ಬ್ರಿಟಿಷ್ ತಂಡದ ಸದಸ್ಯರು ಉಣ್ಣೆಯ ಅಂಗಿಗಳನ್ನೂ ಟ್ವೀಡ್ ಕೋಟುಗಳನ್ನೂ ಒಂದರ ಮೇಲೊಂದು ಧರಿಸಿಕೊಂಡಿದ್ದರು. ಆಸ್ಟ್ರೇಲಿಯದಲ್ಲಿ ಹುಟ್ಟಿ ಯೂರೋಪಿನಲ್ಲಿ ರಸಾಯನಶಾಸ್ತ್ರ ಓದಿದ್ದ ಜಾರ್ಜ್ ಫಿಂಚ್ ಮಾತ್ರ, ಬಲೂನುಗಳಿಗೆ ಬಳಸುತ್ತಿದ್ದ ಬಟ್ಟೆಯೊಳಗೆ ಐಡರ್ ಬಾತಿನ ತುಪ್ಪುಳವನ್ನು ತುಂಬಿಸಿ ತಾನೇ ಯೋಜಿಸಿದ ಉಬ್ಬಿಕೊಂಡ ಕೋಟೊಂದನ್ನು ತಂದಿದ್ದನು. ಸಭ್ಯರ ಉಡುಪಿನ ಕಲ್ಪನೆಗೆ ಹೊರತಾದ ಆ ವೇಷವನ್ನು ಕಂಡು ಜತೆಗಾರರು ಹಾಸ್ಯ ಮಾಡಿದರಂತೆ. ಚಳಿ ಏರಿದಂತೆ ಹಾಸ್ಯ ಇಳಿದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಆ ವರ್ಷದ ಮೇ ತಿಂಗಳಲ್ಲಿ ಫಿಂಚ್ ಮತ್ತು ಜೆಫ್ರಿ ಬ್ರೂಸ್ ಕೃತಕ ಆಮ್ಲಜನಕದ ನೆರವಿನಿಂದ ಸುಮಾರು 8,320 ಮೀಟರ್ ಎತ್ತರವನ್ನು ಮುಟ್ಟಿದರು. ಅಂದಿಗೆ ಮನುಷ್ಯ ಏರಿದ ಅತ್ಯುನ್ನತ ಸ್ಥಾನ ಅದಾಗಿತ್ತು. ಇಷ್ಟಾದರೂ 1924ರ ತಂಡದಲ್ಲಿ ಅವನಿಗೆ ಸ್ಥಾನ ದೊರೆಯಲಿಲ್ಲ. ಮ್ಯಾಲರಿ ಮತ್ತು ಅರ್ವಿನ್ ಹಿಂದಿರುಗಿ ಬಾರದ ಆ ಯಾತ್ರೆಯ 75 ವರ್ಷಗಳ ತರುವಾಯ, 1999ರಲ್ಲಿ ಮ್ಯಾಲರಿಯ ಕಳೇಬರ ದೊರೆತಾಗ ಅದರ ಮೇಲಿದ್ದುದು ರೇಷ್ಮೆ, ಹತ್ತಿ, ಉಣ್ಣೆಗಳ ಪದರಗಳು. ಆ ಪದರಗಳನ್ನು ಹೀಗಳೆಯಬಾರದು, ಜಾಣತನದಿಂದ ಜೋಡಿಸಿದವೇ ಅವು. ಆದರೂ ಫಿಂಚನ ಕೋಟು ಮೂಲೆಗೆ ಬಿದ್ದುದು ವಿವೇಕದ ಕಾರಣದಿಂದಲ್ಲ ಎಂಬುದೂ ನಿಜ. ಇದೇ ಫಿಂಚ್ ಮುಂದೆ, ಸ್ವತಂತ್ರ ಭಾರತದಲ್ಲಿ, ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯಕ್ಕೆ 1952ರಿಂದ 1957ರವರೆಗೆ ನಿರ್ದೇಶಕನಾಗಿದ್ದನೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಹಿಲರಿ ಮತ್ತು ತೇನ್‌ಸಿಂಗ್ ತುಪ್ಪುಳದ ಉಡುಪುಗಳನ್ನೊಳಗೊಂಡ ಸಜ್ಜಿನೊಡನೆ 1953ರಲ್ಲಿ ಎವರೆಸ್ಟಿನ ನೆತ್ತಿಯ ಮೇಲೆ ನಿಂತಾಗ ಅವನು ಪುಣೆಯಲ್ಲಿದ್ದನು.

ಅತ್ತ ಅಮೆರಿಕದ ಸಿಯಾಟಲ್ ನಗರದಲ್ಲಿ ಕ್ರೀಡಾ ಸಾಮಗ್ರಿಗಳ ಅಂಗಡಿ ಇಟ್ಟಿದ್ದ ಎಡ್ಡಿ ಬಾವರ್ ಎಂಬವನು 1930ರ ದಶಕದಲ್ಲಿ ಒಂದು ಚಳಿಗಾಲ ಮೀನು ಹಿಡಿಯಲು ಹೋಗಿ, ಹೊರೆ ಹೊತ್ತು ಕಡಿದಾದ ದಾರಿಯನ್ನೇರುವಾಗ ಬೆವರಿನಿಂದ ತೊಯ್ದ ಉಣ್ಣೆಯಂಗಿ ಮೈಮೇಲೆಯೇ ಹೆಪ್ಪುಗಟ್ಟಿದ್ದರಿಂದ ಸಾವಿನ ಅಂಚಿಗೆ ಹೋಗಿ ಬಂದನು. ಆ ಅನುಭವದಿಂದ ಪ್ರೇರಿತನಾಗಿ 1936ರಲ್ಲಿ ಅವನು ಮಾರಾಟಕ್ಕೆ ತಂದ ಸ್ಕೈಲೈನರ್ ಎಂಬ ಜಾಕೆಟ್ಟಿನಲ್ಲಿ ತುಪ್ಪುಳವನ್ನು ಹೊಲಿಗೆಗಳಿಂದ ಸಣ್ಣ ಸಣ್ಣ ಕೋಣೆಗಳಾಗಿ ವಿಭಾಗಿಸಿ ತುಂಬಲಾಗಿತ್ತು. 1940ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವೈಮಾನಿಕರೂ, 1953ರಲ್ಲಿ ಕೆ-2 ಪರ್ವತಕ್ಕೆ ಹೋದ ಅಮೆರಿಕನ್ ತಂಡದವರೂ ಅವನ ಉಡುಪುಗಳನ್ನೇ ತೊಟ್ಟರು. ಇಂದು ನಾವು ಕಾಣುವ ಅಡ್ಡಸಾಲುಗಳ ಉಬ್ಬಿದ ಜಾಕೆಟ್ಟುಗಳು ಬಹುಮಟ್ಟಿಗೆ ಆ ವಂಶಕ್ಕೆ ಸೇರಿದವು. ಈ ಪ್ರಸಂಗದಲ್ಲಿ ಚಾರಣಿಗನು ಗಮನಿಸಬೇಕಾದ ಅಂಶವೊಂದಿದೆ: ಬಾವರನನ್ನು ಅಪಾಯಕ್ಕೆ ಈಡುಮಾಡಿದ ನೀರು ಆಕಾಶದಿಂದ ಬಿದ್ದುದಲ್ಲ, ಅವನ ಮೈಯಿಂದಲೇ ಹೊರಟದ್ದು.

ತೋಳಿಲ್ಲದ ಅಂಗಿಯ ಔಚಿತ್ಯ ಇಲ್ಲಿ ಗೋಚರವಾಗುತ್ತದೆ. ಸುಮ್ಮನೆ ಕುಳಿತ ವ್ಯಕ್ತಿಯ ದೇಹ ಸುಮಾರು 100 ವಾಟ್ ಶಾಖವನ್ನು ಹೊರಸೂಸುತ್ತದೆ. ಬೆನ್ನುಚೀಲ ಹೊತ್ತು ಏರುದಾರಿ ಹಿಡಿದಾಗ ಅದು ನಾಲ್ಕೈದು ಪಟ್ಟು ಬೆಳೆಯುವುದುಂಟು, ಏಕೆಂದರೆ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ನಾಲ್ಕನೆಯ ಒಂದು ಭಾಗ ಮಾತ್ರ ಕೆಲಸವಾಗಿ ಪರಿಣಮಿಸಿ ಉಳಿದುದೆಲ್ಲ ಶಾಖವಾಗುತ್ತದೆ. ಮೈತುಂಬ ತುಪ್ಪುಳ ಹೊದ್ದು ಹತ್ತುವವನು ಅರ್ಧ ಗಂಟೆಯೊಳಗೆ ಬೆವರಿ, ನಿಂತ ಕೂಡಲೆ ನಡುಗುವುದಕ್ಕೆ ಇದೇ ಕಾರಣ. ತೋಳಿಲ್ಲದ ಅಂಗಿಯಲ್ಲಾದರೆ ಹೆಚ್ಚಿನ ಶಾಖವೂ ಆವಿಯೂ ಕಂಕುಳ ಬಳಿಯ ಬಾಯಿಗಳಿಂದ ಹೊರಬೀಳುತ್ತವೆ, ಊರುಗೋಲು ಹಿಡಿದ ಕೈಗಳು ತಡೆಯಿಲ್ಲದೆ ಆಡುತ್ತವೆ, ಮುಂಡಭಾಗ ಮಾತ್ರ ಬೆಚ್ಚಗಿರುತ್ತದೆ. ಮುಂಡಕ್ಕೆ ಈ ಪ್ರಾಶಸ್ತ್ಯ ಏಕೆಂದರೆ, ಹೃದಯ, ಶ್ವಾಸಕೋಶ, ಯಕೃತ್ತುಗಳಿರುವ ಆ ಒಳಮನೆಯ ಉಷ್ಣತೆಯನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಕಾಪಾಡಿಕೊಳ್ಳುವುದೇ ಶರೀರದ ಪ್ರಥಮ ಕರ್ತವ್ಯ. ಅದಕ್ಕೆ ಚ್ಯುತಿ ಬರುವ ಸೂಚನೆ ಕಂಡಾಗ ಕೈಕಾಲುಗಳ ರಕ್ತನಾಳಗಳನ್ನು ಸಂಕೋಚಿಸಿ, ಅಲ್ಲಿಗೆ ಹೋಗುವ ಬಿಸಿರಕ್ತವನ್ನು ಅದು ನಿರ್ದಾಕ್ಷಿಣ್ಯವಾಗಿ ತಡೆಯುತ್ತದೆ. ಬೆರಳುಗಳು ಮರಗಟ್ಟುವುದು ಬಹುವೇಳೆ ಕೈಗವಸಿನ ದೋಷದಿಂದಲ್ಲ, ಎದೆ ತಣ್ಣಗಾದುದರಿಂದ. ಗಢವಾಲ, ಹಿಮಾಚಲಗಳ ಹಳ್ಳಿಗರು ಉಣ್ಣೆಯ ತೋಳಿಲ್ಲದ ಸದರಿಯನ್ನು ಅಂಗಿಯ ಮೇಲೆ ತೊಟ್ಟು ದಿನವಿಡೀ ಹೊಲ, ಕಾಡು, ಮನೆಗಳ ಕೆಲಸ ಮಾಡಿಕೊಂಡಿರುವುದನ್ನು ನೋಡಿದವರಿಗೆ ಈ ತತ್ತ್ವವನ್ನು ಶರೀರಶಾಸ್ತ್ರದ ಮೂಲಕ ವಿವರಿಸಬೇಕಾದ ಅಗತ್ಯವೇ ಇಲ್ಲ.

ಆದರೆ ಇದರಿಂದ ಆಗದ ಕೆಲಸವನ್ನೂ ಹೇಳಬೇಕು. ರಾತ್ರಿ ಶಿಬಿರದಲ್ಲಿ ಊಟದ ತಟ್ಟೆ ಹಿಡಿದು ನಿಂತಾಗ ದೇಹದ ಕುಲುಮೆ ಮಂದವಾಗಿರುತ್ತದೆ; ಆಗ ಬೇಕಾದುದು ತೋಳೂ ತಲೆಗವಸೂ ಇರುವ ಪೂರ್ಣ ಜಾಕೆಟ್. ಜನವರಿಯಲ್ಲಿ ಜಂಸ್ಕಾರ್ ನದಿಯ ಹೆಪ್ಪುಗಟ್ಟಿದ ಹಾಸಿನ ಮೇಲೆ ನಡೆಯುವ ಚಾದರ್ ಯಾತ್ರೆಯಂಥ ಉಗ್ರ ಶೈತ್ಯದಲ್ಲಿ ತೋಳಿಲ್ಲದಂಗಿಯೊಂದನ್ನೇ ನೆಚ್ಚಿ ಹೋಗುವುದು ಅವಿವೇಕ. ಅದು ನಡೆಯುವವನ ಉಡುಪು. ನಿಂತವನಿಗೆ ಅದು ಸಹಾಯಕ ಮಾತ್ರ.

ಈಗ ಚೀಟಿಯ ಮೇಲಿನ ಆ ಸಂಖ್ಯೆಗೆ ಬರೋಣ. 550, 650, 800, 900 ಎಂದು ಮುಂತಾಗಿ ಬರೆದಿರುವ ಅದನ್ನು ಫಿಲ್ ಪವರ್ ಎಂದು ಕರೆಯುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ಅಂಗಿ ಬೆಚ್ಚಗೆಂದು ಮಾರುವವನು ಹೇಳುತ್ತಾನೆ, ಕೊಳ್ಳುವವನು ನಂಬುತ್ತಾನೆ. ವಾಸ್ತವದಲ್ಲಿ ಒಂದು ಔನ್ಸ್, ಎಂದರೆ ಸುಮಾರು 28 ಗ್ರಾಂ ತುಪ್ಪುಳವನ್ನು ಕೊಳವೆಯಾಕಾರದ ಪಾತ್ರೆಯಲ್ಲಿ ಹಾಕಿ, ಮೇಲೆ ನಿಗದಿಯಾದ ತೂಕದ ಬಿಲ್ಲೆಯನ್ನಿಟ್ಟಾಗ ಅದು ಎಷ್ಟು ಘನ ಅಂಗುಲದ ಜಾಗವನ್ನು ತುಂಬಿ ನಿಲ್ಲುತ್ತದೆಂಬುದರ ಅಳತೆ ಅದು. 800 ಎಂದಿದ್ದರೆ ಆ 28 ಗ್ರಾಂ ತುಪ್ಪುಳ ಸುಮಾರು 13 ಲೀಟರ್ ಸ್ಥಳವನ್ನು ಆಕ್ರಮಿಸುತ್ತದೆ; ಆಶ್ಚರ್ಯಕರವಾದ ಸಂಗತಿಯೇ ಸರಿ. ಆದರೆ ಇದು ತುಪ್ಪುಳದ ಗುಣವನ್ನು ಹೇಳುತ್ತದೆ, ಅಂಗಿಯೊಳಗೆ ಎಷ್ಟು ತುಪ್ಪುಳವಿದೆಯೆಂಬುದನ್ನು ಹೇಳುವುದಿಲ್ಲ. ಅದನ್ನು ತಿಳಿಯಲು ತುಂಬಿದ ತುಪ್ಪುಳದ ತೂಕವನ್ನು ಬೇರೆಯಾಗಿ ವಿಚಾರಿಸಬೇಕು. ಗುಣವನ್ನು ತೂಕದಿಂದ ಗುಣಿಸಿದರೆ ತಾನೆ ಗಾಳಿಯ ಒಟ್ಟು ಪ್ರಮಾಣ ದೊರೆಯುವುದು? 800ರ ತುಪ್ಪುಳ 75 ಗ್ರಾಂ ಇರುವ ಅಂಗಿಯೂ, 600ರ ತುಪ್ಪುಳ 100 ಗ್ರಾಂ ಇರುವ ಅಂಗಿಯೂ ಹಿಡಿದಿಡುವ ಗಾಳಿ ಒಂದೇ. ಮೊದಲನೆಯದು 25 ಗ್ರಾಂ ಹಗುರ, ಮಡಿಸಿದಾಗ ತುಸು ಚಿಕ್ಕದು, ಬೆಲೆಯಲ್ಲಿ ಬಹಳ ಮೇಲು. ಇಪ್ಪತ್ತೈದು ಗ್ರಾಂ ಎಂದರೆ ಒಂದು ಹಿಡಿ ಕಡಲೆಬೀಜ. ಎಂಟು ಸಾವಿರ ಮೀಟರಿನ ಶಿಖರಕ್ಕೆ ಹೋಗುವವನು ಅದಕ್ಕಾಗಿ ಹಣ ತೆತ್ತರೆ ಒಪ್ಪಬಹುದು. ಮೊದಲ ದಿನ ಚೀಲದಲ್ಲಿ ಎರಡು ಕಿಲೋ ಚಕ್ಕುಲಿ ಕೋಡುಬಳೆಗಳನ್ನು ಹೊತ್ತು ನಡೆಯುವ ನಮ್ಮವರಿಗೆ 600, 650 ಧಾರಾಳವಾಗಿ ಸಾಕು. ತುಂಬಿದ ತೂಕವನ್ನು ಹೇಳಲೊಲ್ಲದ ತಯಾರಕನ ಮಾಲನ್ನು, ಸಂಖ್ಯೆ ಎಷ್ಟೇ ದೊಡ್ಡದಿರಲಿ, ನಾನಂತೂ ಶಂಕೆಯಿಂದಲೇ ನೋಡುತ್ತೇನೆ. 90/10 ಎಂದೋ 80/20 ಎಂದೋ ಇರುವ ಇನ್ನೊಂದು ಬರಹ ತುಪ್ಪುಳಕ್ಕೂ ಸಣ್ಣ ಗರಿಗೂ ಇರುವ ಪ್ರಮಾಣ; ಗರಿಯ ಪಾಲು ಹೆಚ್ಚಿದಂತೆ ಅಂಗಿ ಭಾರವಾಗುತ್ತದೆ, ಗರಿಯ ದಂಡಗಳು ಬಟ್ಟೆಯನ್ನು ಚುಚ್ಚಿ ಹೊರಬರುತ್ತವೆ. ಅಂಗಡಿಯಲ್ಲೇ ಬಟ್ಟೆಯನ್ನು ಬೆರಳುಗಳ ನಡುವೆ ಹಿಚುಕಿ ನೋಡಿದರೆ ದಂಡಗಳು ತಗಲುತ್ತವೆ. ಅಂಗೈಯಿಂದ ಅದುಮಿ ಬಿಟ್ಟ ಮೇಲೆ ಅಂಗಿ ಬೇಗನೆ ತನ್ನ ಉಬ್ಬನ್ನು ಮರಳಿ ಪಡೆಯಬೇಕು.

ನೀರಿನ ವಿಷಯವನ್ನು ಎಷ್ಟು ಹೇಳಿದರೂ ಹೆಚ್ಚಲ್ಲ. ತೊಯ್ದ ತುಪ್ಪುಳ ನೆನೆಸಿಟ್ಟ ಅವಲಕ್ಕಿಯಂತೆ ಮುದ್ದೆಗಟ್ಟಿ ಮೂಲೆ ಸೇರುತ್ತದೆ. ಅದರೊಳಗಿನ ಗಾಳಿ ಹೊರಟುಹೋಗಿ, ಆ ಸ್ಥಳದಲ್ಲಿ ಶಾಖವನ್ನು ಕದಿಯುವ ನೀರು ನೆಲಸುತ್ತದೆ. ಹಿಮದ ಶಿಬಿರದಲ್ಲಿ ಅದನ್ನು ಒಣಗಿಸುವ ಉಪಾಯವಿಲ್ಲ. ನಮ್ಮ ಕುರುಬರ ಕರಿಯ ಕಂಬಳಿ ಈ ವಿಷಯದಲ್ಲಿ ಎಷ್ಟೋ ಮೇಲು: ಉಣ್ಣೆಯ ಎಳೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆ ಹೀರಿಕೊಂಡೂ ಒದ್ದೆಯೆನಿಸದು, ನೆನೆದ ಮೇಲೂ ಒಂದಿಷ್ಟು ಬೆಚ್ಚಗಿರುತ್ತದೆ, ಹೊರಲು ಭಾರವೆಂಬುದೊಂದೇ ಅದರ ಕೊರತೆ. ಆದಕಾರಣ ಕುಮಾರಪರ್ವತಕ್ಕೋ ಕೊಡಚಾದ್ರಿಗೋ ಹೋಗಲು ತುಪ್ಪುಳದ ಅಂಗಿ ಕೊಳ್ಳಬೇಕೆನ್ನುವವರಿಗೆ ನಾನು ಬೇಡವೆಂದೇ ಹೇಳುವೆನು. ಸಹ್ಯಾದ್ರಿಯ ಚಳಿ ಆರ್ದ್ರವಾದ ಚಳಿ. ಅಲ್ಲಿನ ಮಂಜು, ತುಂತುರು, ಎಲೆಗಳಿಂದ ತೊಟ್ಟಿಕ್ಕುವ ನೀರು, ಇವುಗಳ ನಡುವೆ ಒಂದು ಉಣ್ಣೆಯ ಸ್ವೆಟರೂ ಮಳೆಯಂಗಿಯೂ ಮಾಡುವ ಕೆಲಸವನ್ನು ದುಬಾರಿಯ ತುಪ್ಪುಳ ಮಾಡಲಾರದು. ಚಳಿಗಾಲದ ಹಿಮಾಲಯದಲ್ಲಿ ಬೀಳುವುದು ಬಹುಮಟ್ಟಿಗೆ ಒಣ ಹಿಮವಾದುದರಿಂದ, ಕೊಡವಿದರೆ ಉದುರುತ್ತದೆ. ತುಪ್ಪುಳಕ್ಕೆ ಅದು ಒಗ್ಗುವ ಸೀಮೆ.

ಕೃತಕ ತಂತುಗಳನ್ನು ತುಂಬಿದ ಅಂಗಿಗಳ ಉಗಮಕ್ಕೂ ಈ ನೀರೇ ಕಾರಣ. ನೆನೆದಾಗಲೂ ಕೆಲಸ ಮಾಡುವ ತುಪ್ಪುಳದಂಥ ವಸ್ತು ಬೇಕೆಂದು ಅಮೆರಿಕದ ಸೈನ್ಯ ಬಯಸಿದುದರ ಫಲವಾಗಿ 1980ರ ದಶಕದಲ್ಲಿ ಪ್ರಿಮಾಲಾಫ್ಟ್ ಎಂಬ ಪಾಲಿಯೆಸ್ಟರ್ ತಂತು ಹುಟ್ಟಿತು. ಇಂಥವು ತೂಕದಲ್ಲಿ ಹೆಚ್ಚು, ಮಡಿಸಿದಾಗ ದಪ್ಪ, ಕೆಲವು ವರ್ಷಗಳ ಬಳಕೆಯಲ್ಲಿ ಉಬ್ಬನ್ನು ಕಳೆದುಕೊಳ್ಳತಕ್ಕವು. ಆದರೆ ಬೆವರಿಗೆ ಹೆದರವು, ಮನೆಯಲ್ಲೇ ಒಗೆಯಲು ಬರುತ್ತವೆ, ಅಗ್ಗ. ಹೆಚ್ಚು ಬೆವರುವ ಪ್ರಕೃತಿಯವರು, ವೇಗವಾಗಿ ನಡೆಯುವವರು, ದಿನವಿಡೀ ಅಂಗಿಯನ್ನು ತೆಗೆಯದೆ ನಡೆಯಬೇಕೆನ್ನುವವರು ಇವನ್ನು ಆರಿಸಿಕೊಂಡರೆ ಅದು ಬಡತನದ ಆಯ್ಕೆಯಲ್ಲ, ತಿಳಿವಳಿಕೆಯ ಆಯ್ಕೆ. ತುಪ್ಪುಳಕ್ಕೇ ನೀರು ಹತ್ತದಂತೆ ಲೇಪ ಕೊಟ್ಟ ಮಾಲೂ ಈಗ ದೊರೆಯುತ್ತದೆ. ಅದು ಆವಿಯನ್ನೂ ಅಲ್ಪಸ್ವಲ್ಪ ತೇವವನ್ನೂ ತಾಳೀತು, ಮಳೆಯನ್ನು ತಾಳದು. ಮಾರುವವರು ಅದರ ಬಗ್ಗೆ ಆಡುವ ಮಾತು ಅದರ ಯೋಗ್ಯತೆಗಿಂತ ದೊಡ್ಡದು.

ಹೊರಬಟ್ಟೆಯ ನೂಲನ್ನು ಡೆನಿಯರ್ ಎಂಬ ಅಳತೆಯಿಂದ ಹೇಳುತ್ತಾರೆ: 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್. ಹತ್ತರ ಬಟ್ಟೆ ಅತಿ ನವಿರು, ದೇವದಾರಿನ ಒಂದು ಒಣಕೊಂಬೆ ತಾಕಿದರೆ ಸೀಳುವಂಥದು. ಇಪ್ಪತ್ತರಿಂದ ಮೂವತ್ತರದು ನಮ್ಮ ಬಳಕೆಗೆ ತಕ್ಕುದು. ಶಿಬಿರದ ಬೆಂಕಿಯ ಒಂದು ಕಿಡಿ ಸಾಕು, ನೈಲಾನಿನಲ್ಲಿ ಕಂಡಿ ಬಿದ್ದು ತುಪ್ಪುಳ ಹಾರತೊಡಗುತ್ತದೆ. ಹೊಲಿಗೆಯಲ್ಲಿ ಎರಡು ಬಗೆಯುಂಟು: ಒಳಪದರ ಹೊರಪದರಗಳನ್ನು ನೇರವಾಗಿ ಕೂಡಿಸಿ ಹೊಲಿದುದು ಒಂದು, ಅವುಗಳ ನಡುವೆ ಬಟ್ಟೆಯ ಅಡ್ಡಗೋಡೆಗಳನ್ನು ನಿಲ್ಲಿಸಿ ಪೆಟ್ಟಿಗೆಗಳಂತೆ ಕಟ್ಟಿದುದು ಇನ್ನೊಂದು. ಮೊದಲನೆಯದರಲ್ಲಿ ಹೊಲಿಗೆಯ ಗೆರೆಯುದ್ದಕ್ಕೂ ತುಪ್ಪುಳವಿರದು, ಚಳಿ ಅಲ್ಲಿಂದ ನುಸುಳುತ್ತದೆ. ಆದರೆ ತೋಳಿಲ್ಲದಂಗಿಯನ್ನು ಗಾಳಿ ತಡೆಯುವ ಹೊರಕವಚದ ಕೆಳಗೆ ತೊಡುವುದೇ ಕ್ರಮವಾದುದರಿಂದ ಆ ಕೊರತೆ ಅಷ್ಟಾಗಿ ಬಾಧಿಸದು. ಹೊಲಿಗೆಯಿಂದ ತುಪ್ಪುಳದ ಎಳೆ ಇಣುಕಿದಾಗ ಅದನ್ನು ಹೊರಗೆ ಎಳೆಯಬಾರದು. ಒಳಬದಿಯಿಂದ ಚಿವುಟಿ ಹಿಡಿದು ಹಿಂದಕ್ಕೆ ಸೆಳೆದುಕೊಂಡರೆ ರಂಧ್ರ ತಾನೇ ಮುಚ್ಚುತ್ತದೆ.

ಅಂಗಡಿಗೆ ಹೋಗುವಾಗ ಚಾರಣದಲ್ಲಿ ತೊಡುವ ಒಳಂಗಿಯನ್ನೂ ಫ್ಲೀಸನ್ನೂ ಹೊರಕವಚವನ್ನೂ ಜತೆಗೆ ಒಯ್ಯಿರಿ. ಟೀ ಶರ್ಟಿನ ಮೇಲೆ ತೊಟ್ಟು ಕನ್ನಡಿಯಲ್ಲಿ ಚೆಂದ ಕಂಡ ಅಂಗಿ, ಎರಡು ಪದರಗಳ ಮೇಲೆ ಜಿಪ್ ಏರದೆ ನಿಲ್ಲುವುದುಂಟು. ಮೇಲಿನ ಕವಚ ಬಿಗಿಯಾಗಿದ್ದರೆ ತುಪ್ಪುಳ ಅದುಮಿಕೊಂಡು ನಿರರ್ಥಕವಾಗುತ್ತದೆ. ಬೆನ್ನುಚೀಲದ ಪಟ್ಟಿಗಳ ಕೆಳಗೂ ಇದೇ ಗತಿ, ಅದಕ್ಕೆ ಪರಿಹಾರವಿಲ್ಲ. ತೋಳು ಹೊರಬರುವ ಬಾಯಿ ಸಡಿಲವಾಗಿದ್ದರೆ ಗಾಳಿ ಪ್ರತಿ ಹೆಜ್ಜೆಗೂ ಒಳಹೊಕ್ಕು ಹೊರಡುತ್ತದೆ, ಬಿಗಿಯಾಗಿದ್ದರೆ ಊರುಗೋಲು ಎತ್ತುವಾಗ ಕಂಕುಳು ಉಜ್ಜುತ್ತದೆ. ಕೈಗಳನ್ನು ಮೇಲೆತ್ತಿ, ಮುಂದೆ ಚಾಚಿ, ಬಗ್ಗಿ ನೋಡಬೇಕು. ಬಗ್ಗಿದಾಗ ಸೊಂಟದ ಮೂಳೆ ಮುಚ್ಚಿರುವಷ್ಟು ಉದ್ದ, ಗಲ್ಲದವರೆಗೆ ಏರುವ ಕಾಲರ್, ಕೆಳಗಂಚಿನಲ್ಲಿ ಎಳೆದು ಬಿಗಿಮಾಡುವ ಲಾಡಿ, ಜಿಪ್ಪಿನ ಹಿಂದೆ ಗಾಳಿ ತಡೆಯುವ ಪಟ್ಟಿ, ಇವಿದ್ದರೆ ಒಳ್ಳೆಯದು. ಜೇಬುಗಳು ಚೀಲದ ಸೊಂಟಪಟ್ಟಿಗಿಂತ ಮೇಲಿರಲಿ. ಫೋನಿನ ಬ್ಯಾಟರಿ ಚಳಿಗೆ ಸೋಲದಂತೆ ಒಳಜೇಬೊಂದಿದ್ದರೆ ಲೇಸು. ಎಲ್ಲವೂ ಕೂಡಿ 200ರಿಂದ 350 ಗ್ರಾಂ ತೂಗಿದರೆ ಸಾಕು, ಅದಕ್ಕಿಂತ ಭಾರವಾದುದು ನಗರದ ಅಲಂಕಾರಕ್ಕೆ ಹೊಲಿದದ್ದೆಂದು ತಿಳಿಯಬಹುದು.

ತುಪ್ಪುಳದ ಮೂಲದ ಬಗ್ಗೆ ಕೇಳದೆ ಕೊಳ್ಳುವುದು ನಮ್ಮ ನಾಡಿನವರಿಗೆ, ಅದರಲ್ಲೂ ಜೈನ ಮತ್ತು ವೀರಶೈವ ಸಂಸ್ಕಾರದ ಮನೆಗಳಲ್ಲಿ ಬೆಳೆದವರಿಗೆ, ಸಮಾಧಾನ ತಾರದು. ಐಸ್‌ಲೆಂಡಿನಲ್ಲಿ ಐಡರ್ ಬಾತು ತನ್ನ ಎದೆಯ ತುಪ್ಪುಳವನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ಅಲ್ಲಿನ ರೈತರು ಹಕ್ಕಿಗೆ ನೋವಾಗದಂತೆ ಅದನ್ನು ಗೂಡಿನಿಂದ ಆಯ್ದುಕೊಳ್ಳುತ್ತಾರೆ. ಒಂದು ಕಿಲೋಗ್ರಾಂ ಕೂಡಿಸಲು ಸುಮಾರು 60 ಗೂಡುಗಳು ಬೇಕಾಗುವುದರಿಂದ ಅದರ ಬೆಲೆ ಸಾಮಾನ್ಯರಿಗೆ ಎಟುಕದು. ಅಂಗಡಿಯ ತುಪ್ಪುಳ ಬಹುತೇಕ ಮಾಂಸಕ್ಕಾಗಿ ಸಾಕಿದ ಬಾತು ಹೆಬ್ಬಾತುಗಳದು, ಅದರ ಹೆಚ್ಚಿನ ಪಾಲು ಚೀನಾದ್ದು. ಜೀವಂತ ಹಕ್ಕಿಯಿಂದ ಕೀಳುವ, ಬಲವಂತವಾಗಿ ತಿನ್ನಿಸಿ ಕೊಬ್ಬಿಸುವ ಕ್ರೂರ ಪದ್ಧತಿಗಳೂ ಕೆಲವೆಡೆ ಇದ್ದುವು. ಅವನ್ನು ನಿಷೇಧಿಸುವ ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್ ಎಂಬ ಪ್ರಮಾಣಪತ್ರ 2014ರಿಂದ ಜಾರಿಯಲ್ಲಿದೆ. ಚೀಟಿಯ ಮೇಲೆ ಆರ್‌ಡಿಎಸ್ ಎಂಬ ಅಕ್ಷರಗಳನ್ನು ಹುಡುಕಬೇಕು. ಆ ಪ್ರಮಾಣಪತ್ರವು ಹಿಂಸೆಯನ್ನು ಕಡಿಮೆ ಮಾಡುತ್ತದೆ, ಕೊಲೆಯನ್ನಲ್ಲ. ಪ್ರಾಣಿಯಿಂದ ಬಂದುದೇ ಬೇಡವೆನ್ನುವವರಿಗೆ ಪಾಲಿಯೆಸ್ಟರ್ ತಂತಿನ ಅಂಗಿ ಇದ್ದೇ ಇದೆ. ನೂರು ಗ್ರಾಂ ಹೆಚ್ಚು ಹೊತ್ತರಾಯಿತು.

ಕೊಂಡ ಮೇಲೆ ಅದನ್ನು ಬಳಸುವ ಕ್ರಮವೂ ಆಯ್ಕೆಯಷ್ಟೇ ಮುಖ್ಯ. ಶಿಬಿರದಿಂದ ಹೊರಡುವಾಗ ತುಸು ಚಳಿಯೆನಿಸುವಂತೆಯೇ ಹೊರಡಬೇಕು. ಹತ್ತು ನಿಮಿಷ ನಡೆದು ಮೈ ಬೆಚ್ಚಗಾದೊಡನೆ ಜಿಪ್ ಇಳಿಸಿ, ಬೆವರು ಒಡೆಯುವ ಮೊದಲೇ ಅಂಗಿ ತೆಗೆದು ಚೀಲದ ಮೇಲ್ಭಾಗದಲ್ಲಿಟ್ಟು, ನಿಂತ ಮರುಕ್ಷಣವೇ ಮತ್ತೆ ತೊಡಬೇಕು. ಸೋಮಾರಿತನದಿಂದ ಇದನ್ನು ಮಾಡದವರಿಗೆ ಯಾವ ಸಂಖ್ಯೆಯ ತುಪ್ಪುಳವೂ ರಕ್ಷಣೆ ಕೊಡದು. ಊರಿಗೆ ಮರಳಿದ ಮೇಲೆ ಅದನ್ನು ಪುಟ್ಟ ಚೀಲದಲ್ಲಿ ಒತ್ತಿ ತುರುಕಿ ಅಟ್ಟದ ಮೇಲೆ ಎಸೆದರೆ ತುಪ್ಪುಳ ತನ್ನ ಉಬ್ಬನ್ನು ಮರೆಯುತ್ತದೆ. ಬೀರುವಿನಲ್ಲಿ ಸಡಿಲವಾಗಿ ತೂಗುಹಾಕಬೇಕು, ಮಳೆಗಾಲದಲ್ಲಿ ನಡುನಡುವೆ ಹೊರತೆಗೆದು ಗಾಳಿಗೊಡ್ಡಬೇಕು, ಇಲ್ಲವಾದರೆ ಮಲೆನಾಡು ಕರಾವಳಿಗಳ ಮನೆಗಳಲ್ಲಿ ಬೂಷ್ಟು ಹಿಡಿಯುವುದು ನಿಶ್ಚಯ. ಒಗೆಯುವುದು ಅಪರೂಪವಾಗಿರಲಿ. ಒಗೆದಾಗ ಸೌಮ್ಯವಾದ ಸೋಪನ್ನೇ ಬಳಸಿ, ಹಿಂಡದೆ ನೀರಿಳಿಸಿ, ನೆರಳಿನಲ್ಲಿ ಮಟ್ಟಸವಾಗಿ ಹರಡಿ, ಗಂಟುಗಳನ್ನು ಬೆರಳಿನಿಂದ ಬಿಡಿಸುತ್ತ ಎರಡು ಮೂರು ದಿನ ಒಣಗಿಸಬೇಕು. ಒಣಗಿಸುವ ಯಂತ್ರವಿದ್ದವರು ಕಡಿಮೆ ಶಾಖದಲ್ಲಿ, ಜತೆಗೆ ಎರಡು ಟೆನಿಸ್ ಚೆಂಡುಗಳನ್ನು ಹಾಕಿ ತಿರುಗಿಸಿದರೆ ಚೆಂಡುಗಳ ಪೆಟ್ಟಿಗೆ ಗಂಟುಗಳು ಒಡೆಯುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ, ಮೊದಲ ಸಲ ಹಿಮಕ್ಕೆ ಹೋಗುವವರು ಏನು ಮಾಡಬೇಕೆಂದು ನೇರವಾಗಿ ಕೇಳಿದರೆ ನನ್ನ ಉತ್ತರ ಸರಳ. ವರ್ಷಕ್ಕೊಮ್ಮೆ ಬಳಸುವ ತೋಳೂ ತಲೆಗವಸೂ ಉಳ್ಳ ಭಾರಿ ಜಾಕೆಟ್ಟನ್ನು ಕೊಳ್ಳಬೇಡಿ. ಅದು ಸಾಂಕ್ರಿಯಂಥ ಹಳ್ಳಿಗಳ ಅಂಗಡಿಗಳಲ್ಲೂ, ಚಾರಣ ಏರ್ಪಡಿಸುವವರ ಬಳಿಯೂ ಬಾಡಿಗೆಗೆ ಸಿಗುತ್ತದೆ. ಮೈಯಳತೆಗೆ ಸರಿಹೊಂದಲೇಬೇಕಾದ, ನಡೆಯುವಾಗ ಮೈಮೇಲಿರುವ ತೋಳಿಲ್ಲದಂಗಿಯನ್ನು ಮಾತ್ರ ಸ್ವಂತಕ್ಕೆ ಕೊಳ್ಳಿ: 600ಕ್ಕೆ ಕಡಿಮೆಯಿಲ್ಲದ, ತುಂಬಿದ ತೂಕ ಮತ್ತು ಪ್ರಮಾಣಪತ್ರಗಳನ್ನು ಚೀಟಿಯ ಮೇಲೆ ಸ್ಪಷ್ಟವಾಗಿ ನಮೂದಿಸಿದ, ಇಪ್ಪತ್ತು ಡೆನಿಯರಿನ ಬಟ್ಟೆಯ ಅಂಗಿ ಸಾಕು. ಅದರ ಬೆಲೆಯಲ್ಲಿ ಉಳಿಸಿದ ಹಣದಿಂದ ಮಳೆ ಗಾಳಿಗಳನ್ನು ತಡೆಯುವ ಒಳ್ಳೆಯ ಹೊರಕವಚವೊಂದನ್ನು ತನ್ನಿ.